ಎತ್ತರದ ಹುಡುಗಿ ಬರುವ ಮುಂಚಿನ ಲೊರೀನ್

ಸೂರ್ಯ ಹುಟ್ಟಲು ಇನ್ನೂ ಹೊತ್ತಿದೆ. ಓಟರ್ ಬೆಂಡ್ ಕಾಲೇಜಿನ ಹಳೆಯ ಒಳಾಂಗಣ ಕ್ರೀಡಾಂಗಣದಲ್ಲಿ ಅರ್ಧ ದೀಪಗಳಷ್ಟೇ ಉರಿಯುತ್ತಿವೆ. ಕಟ್ಟಡವನ್ನು ಬೆಚ್ಚಗಿಡುವ ಬಾಯ್ಲರ್ ಕೆಮ್ಮುತ್ತಿದೆ, ಗೋಡೆಯೊಳಗಿನ ಕೊಳವೆಗಳು ಟಕಟಕ ಬಡಿದುಕೊಳ್ಳುತ್ತಿವೆ. ಆದರೂ ಮಾತಾಡಿದರೆ ಬಾಯಿಂದ ಹಬೆ ಬರುತ್ತದೆ. ಉಣ್ಣೆಯ ಟೋಪಿಯನ್ನು ಕಿವಿಯ ಮೇಲೆಳೆದುಕೊಂಡ, ಅರವತ್ತರ ಹತ್ತಿರದ ಹೆಂಗಸೊಬ್ಬರು ಅಗಲವಾದ ಒರೆಸುಕೋಲು ತಳ್ಳಿಕೊಂಡು ಮರದ ನೆಲವನ್ನು ಈ ಕೊನೆಯಿಂದ ಆ ಕೊನೆಗೆ ಒರೆಸುತ್ತಿದ್ದಾರೆ. ಹೊಸಬರು ನೋಡಿದರೆ ಕಾಲೇಜಿನ ಜಾಡಮಾಲಿ ಎಂದುಕೊಳ್ಳುತ್ತಾರೆ. ಲೊರೀನ್ ರಕ್ಸರ್ ಅಂಥವರನ್ನು ತಿದ್ದಲು ಹೋಗುವುದಿಲ್ಲ. "ಒರೆಸ್ತಾ ಇದ್ದೀನಲ್ಲ, ಇನ್ನೇನು ಅಂದ್ಕೋಬೇಕು ಪಾಪ?" ಎನ್ನುತ್ತಾರೆ. ಇಲ್ಲಿನ ಹೆಣ್ಣುಮಕ್ಕಳ ಬಾಸ್ಕೆಟ್‌ಬಾಲ್ ತಂಡಕ್ಕೆ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಅವರೇ ಕೋಚ್.

ಪಕ್ಕದ ಬಾಗಿಲು ತೆರೆದು ತಣ್ಣನೆ ಗಾಳಿಯ ಜೊತೆ ಒಬ್ಬ ಹುಡುಗಿ ಒಳಗೆ ಬರುತ್ತಾಳೆ. ಮೊದಲ ವರ್ಷದ ಹ್ಯಾಲಿ ಶ್ನೆಲ್. ಮನೆಯಲ್ಲಿ ಹಾಲು ಕರೆಯುವ ಕೆಲಸ ಮುಗಿಸಿ ನೇರ ಇಲ್ಲಿಗೆ ಬಂದಿದ್ದಾಳೆ. ಅವಳ ಹಿಂದೆಯೇ, ನರ್ಸಿಂಗ್ ವಿದ್ಯಾರ್ಥಿಗಳ ನೀಲಿ ಬಟ್ಟೆಯ ಮೇಲೆ ಕೋಟು ಹಾಕಿಕೊಂಡ ಗಿಡ್ಡನೆಯ ಮಾರಿಬೆಲ್ ಓಕಾಂಪೊ, ಕೊನೆಯ ವರ್ಷದವಳು.

"ಏನೇ ಹ್ಯಾಲಿ, ನೀನಾಗೇ ಎದ್ದು ಬಂದ್ಯಾ, ಇಲ್ಲ ಹಸು ತಂದು ಬಿಟ್ಟುಹೋಯ್ತಾ?"

"ಹಸುಗೆ ಲೈಸೆನ್ಸ್ ಇಲ್ಲ ಕೋಚ್."

"ನೀನು ಕಾರು ಓಡಿಸೋದು ನೋಡಿದ್ರೆ ನಿನಗೂ ಇರೋ ಹಾಗೆ ಕಾಣಲ್ಲ. ಬಾ, ಬೂಟು ಕಟ್ಕೋ."

ಪಾಠ ಶುರುವಾಗುತ್ತದೆ. ಮಾರಿಬೆಲ್ ಚೆಂಡು ಎಸೆಯುತ್ತಾಳೆ, ಹ್ಯಾಲಿ ಹಿಡಿಯುತ್ತಾಳೆ. ಹಿಡಿದ ಕೂಡಲೇ ಬೆಂಕಿ ಮುಟ್ಟಿದವಳಂತೆ ಎತ್ತಲೋ ಓಡುತ್ತಾಳೆ. ಲೊರೀನ್ ಸೀಟಿ ಊದುವುದಿಲ್ಲ, ಕೂಗುವುದೂ ಇಲ್ಲ. ಹತ್ತಿರ ಹೋಗಿ ಹುಡುಗಿಯ ಎರಡೂ ಭುಜ ಹಿಡಿದು ನಿಲ್ಲಿಸುತ್ತಾರೆ. "ಚೆಂಡು ಸಿಕ್ತಾ? ನಿಲ್ಲು. ನೋಡು. ಆಮೇಲೆ ಬೇಕಾದ್ರೆ ಹೆದರ್ಕೋ. ಮೊದ್ಲೇ ಹೆದರ್ಕೊಂಡ್ರೆ ನೋಡೋದು ಯಾವಾಗ?" ಮತ್ತೆ ಚೆಂಡು ಬರುತ್ತದೆ. ಮತ್ತೆ ಹ್ಯಾಲಿ ಓಡುತ್ತಾಳೆ. ಮತ್ತೆ ಲೊರೀನ್ ಹೋಗಿ ಭುಜ ಹಿಡಿಯುತ್ತಾರೆ. ಕಿಟಕಿಯಲ್ಲಿ ಬೆಳಕು ಮೂಡುವ ಹೊತ್ತಿಗೆ ಹ್ಯಾಲಿ ಒಂದು ಸಲ, ಒಂದೇ ಒಂದು ಸಲ, ನಿಂತು, ತಲೆಯೆತ್ತಿ, ಆಚೀಚೆ ನೋಡಿ ಚೆಂಡನ್ನು ಸರಿಯಾದ ಕಡೆಗೆ ಕೊಡುತ್ತಾಳೆ. ಲೊರೀನ್ ಟೋಪಿ ತೆಗೆದು ಮತ್ತೆ ಹಾಕಿಕೊಳ್ಳುತ್ತಾರೆ. ಅವರ ಬಾಯಿಂದ ಹೊಗಳಿಕೆ ಬರುವುದು ಕಷ್ಟ. ಟೋಪಿ ತೆಗೆದರೆ ಅದೇ ಹೊಗಳಿಕೆ ಎಂದು ಹುಡುಗಿಯರೆಲ್ಲ ತಿಳಿದುಕೊಂಡಿದ್ದಾರೆ.

ಈ ಹ್ಯಾಲಿ ಈ ಚಳಿಗಾಲದಲ್ಲಿ ಪಂದ್ಯಗಳಲ್ಲಿ ಕೋರ್ಟಿಗಿಳಿದದ್ದು ಬೆರಳಲ್ಲಿ ಎಣಿಸುವಷ್ಟು ಸಲ. ಊರೆಲ್ಲ ಹೆಸರು ಹೇಳುತ್ತಿರುವ ಹುಡುಗಿ ಬೇರೆ. ಆರಡಿ ಮೂರಂಗುಲದ ಕೀರಾ ಲಿನ್‌ವಿಲ್. ಅವಳೆಲ್ಲಿ ಎಂದು ಕೇಳುತ್ತೇನೆ.

"ಮಲಗಿರ್ತಾಳೆ. ಮಲಗ್ಲಿ ಬಿಡಿ, ಇನ್ನೂ ಬೆಳೆಯೋ ಹುಡುಗಿ" ಎಂದು ಲೊರೀನ್ ನಗುತ್ತಾರೆ. "ಕತ್ತಲಲ್ಲಿ ಎಬ್ಬಿಸಿ ಅವಳಿಗೆ ನಾನು ಕಲಿಸೋದು ಏನಿದೆ?"

ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದಿಂದ ಈಚೆಗೆ ನಮ್ಮ ಕಾಲೇಜಿನ ತಂಡ ಒಂದು ಪಂದ್ಯವನ್ನೂ ಸೋತಿಲ್ಲ. ನಮ್ಮ ಪತ್ರಿಕೆಯ ಶನಿವಾರದ ಪುರವಣಿಗೆ ಲೊರೀನ್ ಬಗ್ಗೆ ಬರೆಯಬೇಕು ಎಂದು ಸಂಪಾದಕರು ನನಗೆ ಹೇಳಿದ್ದೂ ಅದಕ್ಕೇ. "ಹೆಂಗಸು ಗೆಲ್ತಾ ಇದ್ದಾಳೆ, ಏನು ಮಂತ್ರ ಹಾಕ್ತಾಳೆ ಕೇಳಿಕೊಂಡು ಬಾ" ಎಂದರು. ನಾನು ಒಪ್ಪಿಕೊಂಡೆ. ಆದರೆ ಇಪ್ಪತ್ತು ವರ್ಷದಿಂದ ಈ ಒಳಾಂಗಣದ ಮರದ ಮೆಟ್ಟಿಲುಗಳ ಮೇಲೆ ಕೂತು ಬೆನ್ನು ನೋಯಿಸಿಕೊಂಡವನು ನಾನು. ಲೊರೀನ್ ಅವರ ಬಗ್ಗೆ ಬರೆಯುವುದಾದರೆ ಈ ವರ್ಷದ ಕತೆ ಸಾಲದು. ಹೋದ ವರ್ಷದ್ದು ಬೇಕು. ಹೋದ ವರ್ಷ ನಾವು ಗೆದ್ದದ್ದಕ್ಕಿಂತ ಸೋತದ್ದು ಎರಡು ಪಟ್ಟು ಹೆಚ್ಚು.

ನಮ್ಮ ತಂಡದ ಹೆಸರು ಕೊಕ್ಕರೆಗಳು. ಹೋದ ವರ್ಷ ಕುರ್ಚಿ ಕಾರ್ಖಾನೆಯ ನಿವೃತ್ತ ಬಡಗಿ ಎಲ್ಡನ್ ಬೆಟ್ಸ್ ಪ್ರತಿ ಪಂದ್ಯಕ್ಕೂ ಮನೆಯಿಂದ ದಿಂಬು ತಂದು ಮೂರನೇ ಸಾಲಿನಲ್ಲಿ ಕೂತು, ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದ: "ಕೊಕ್ಕರೆ ಎಲ್ರೀ ಇದೆ ಇದರಲ್ಲಿ? ಎಲ್ಲಾ ಬಾತುಕೋಳಿನೇ!" ತಂಡದಲ್ಲಿ ಆರಡಿ ಮುಟ್ಟುವ ಹುಡುಗಿ ಒಬ್ಬಳೂ ಇರಲಿಲ್ಲ. ಅರ್ಧದಷ್ಟು ಮಂದಿ ನರ್ಸಿಂಗ್ ಓದುವವರು, ಬೆಳಿಗ್ಗೆ ಆಸ್ಪತ್ರೆಯ ಪಾಳಿಗೆ ಓಡುವವರು. ಅಭ್ಯಾಸ ಕತ್ತಲಲ್ಲೇ ಆಗುವುದು ಆ ಕಾರಣಕ್ಕೆ. "ಲೊರೀನ್‌ಗೆ ವಯಸ್ಸಾಯ್ತು ಕಣ್ರಯ್ಯ" ಎನ್ನುವುದು ಆಗ ಊರಿನ ಮಾತು. ಬೆಳಗಿನ ತಿಂಡಿ ಬಿಸ್ಕತ್ತು-ಗ್ರೇವಿಯ ಜೊತೆ ಹೋಟೆಲಿನಲ್ಲಿ, ಭಾನುವಾರ ಚರ್ಚಿನ ಮೆಟ್ಟಿಲಲ್ಲಿ, ಕ್ಷೌರದ ಅಂಗಡಿಯಲ್ಲಿ, ಎಲ್ಲೆಡೆ ಅದೇ ಮಾತು.

ಲೊರೀನ್ ಈ ಊರಿನವರೇ. ಅಪ್ಪ ಪೀಠೋಪಕರಣದ ಕಾರ್ಖಾನೆಯಲ್ಲಿ ಮೇಜಿನ ಕಾಲು ಕಡೆಯುತ್ತಿದ್ದರು. ಹೆಣ್ಣುಮಕ್ಕಳಿಗೂ ಶಾಲಾ ತಂಡ ಇರಲಿ ಎಂದು ಸರ್ಕಾರ ಹೇಳಿದ ಮೊದಮೊದಲ ದಿನಗಳಲ್ಲಿ ಆಡಿದವರು ಲೊರೀನ್. ಗಂಡುಮಕ್ಕಳ ತಂಡ ಬಿಸಾಡಿದ ಅಂಗಿಗಳನ್ನು ಅಮ್ಮ ಚಿಕ್ಕದು ಮಾಡಿ ಹೊಲಿದು ಕೊಡುತ್ತಿದ್ದರಂತೆ. "ನಾನೇನು ದೊಡ್ಡ ಆಟಗಾರ್ತಿ ಅಲ್ಲ" ಎಂದು ಅವರೇ ಹೇಳುತ್ತಾರೆ. "ನಿಧಾನ ಇದ್ದೆ. ನಿಧಾನ ಇರೋರು ಮುಂಚೆನೇ ಯೋಚ್ನೆ ಮಾಡ್ಬೇಕಲ್ಲ, ಅದು ಅಭ್ಯಾಸ ಆಯ್ತು." ಹೈಸ್ಕೂಲಿನಲ್ಲಿ ವ್ಯಾಯಾಮದ ಮೇಡಂ ಆಗಿದ್ದವರು ಆಮೇಲೆ ಕಾಲೇಜಿಗೆ ಬಂದರು. ತಂಡದ ಬಸ್ಸು ಓಡಿಸುವವರೂ ಅವರೇ, ಬಟ್ಟೆ ಒಗೆಯುವ ಯಂತ್ರಕ್ಕೆ ಸೋಪು ಹಾಕುವವರೂ ಅವರೇ. ಗಂಡ ವರ್ಜಿಲ್ ಪಂದ್ಯದ ದಿನ ಅಂಕದ ಬೋರ್ಡಿನ ಗುಂಡಿ ಒತ್ತುತ್ತಾರೆ. "ಎದುರಿನವರ ಅಂಕ ಏರಿಸೋದೂ ನಾನೇ, ಮನೆಗೆ ಹೋಗಿ ಬೈಸಿಕೊಳ್ಳೋದೂ ನಾನೇ" ಎನ್ನುವುದು ಅವರ ನಿತ್ಯದ ದೂರು.

ಎಂಟು ವರ್ಷದ ಹಿಂದೆ ಲೊರೀನ್ ನಮ್ಮ ವಲಯದ ಅತ್ಯುತ್ತಮ ಕೋಚ್ ಎನಿಸಿಕೊಂಡಿದ್ದರು. ಆಗ ಜೆನೀವ್ ಟ್ಯಾಲ್ಬರ್ಟ್ ಎಂಬ ಹುಡುಗಿ ಇದ್ದಳು. ಯಾವ ದೊಡ್ಡ ವಿಶ್ವವಿದ್ಯಾಲಯವಾದರೂ ಕೈ ಮುಗಿದು ಕರೆದುಕೊಂಡು ಹೋಗುತ್ತಿದ್ದಂಥ ಆಟಗಾರ್ತಿ. ತಾಯಿಯ ಕಾಯಿಲೆಯ ದೆಸೆಯಿಂದ ಮನೆ ಬಿಟ್ಟು ಹೋಗಲಾರದೆ ನಮ್ಮಲ್ಲೇ ಓದಿದಳು. ಎರಡು ವರ್ಷ ತಂಡ ಹೋದಲ್ಲೆಲ್ಲ ಗೆದ್ದಿತು. ಸನ್ಮಾನದ ಊಟದಲ್ಲಿ ಲೊರೀನ್ ಎದ್ದು ನಿಂತು "ಈ ಪ್ರಶಸ್ತಿ ನನಗಲ್ಲ, ಜೆನೀವ್‌ಳನ್ನ ಹೆತ್ತವಳಿಗೆ ಕೊಡಿ" ಎಂದರು. ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿದರು. ಎಷ್ಟು ವಿನಯ ನೋಡಿ ಎಂದರು.

ಅದು ವಿನಯವಾಗಿರಲಿಲ್ಲ ಎಂದು ನನಗೆ ಗೊತ್ತಾದದ್ದು ಈ ಲೇಖನಕ್ಕೆಂದು ಕೂತು ಮಾತಾಡಿದಾಗ. "ಆ ಎರಡು ವರ್ಷ ನಾನು ಕೆಟ್ಟ ಕೋಚ್" ಎಂದರು ಲೊರೀನ್, ಹವಾಮಾನದ ವಿಷಯ ಹೇಳುವ ದನಿಯಲ್ಲಿ. "ಚೆಂಡು ಜೆನೀವ್‌ಗೆ ಕೊಡಿ, ದಾರಿ ಬಿಡಿ. ಇಷ್ಟೇ ನಾನು ಹೇಳ್ತಾ ಇದ್ದಿದ್ದು. ಮಿಕ್ಕ ಹುಡುಗಿಯರು ನಿಂತ್ಕೊಂಡು ನೋಡ್ತಿದ್ರು. ರಾಬಿನ್ ಅಂತ ಒಬ್ಳಿದ್ಲು, ಒಳ್ಳೆ ಕೈ ಇತ್ತು ಅವಳಿಗೆ. ಎರಡು ವರ್ಷ ಬೆಂಚಿನ ಮೇಲೆ ಕೂತ್ಲು. ಒಂದಿನ ಬರೋದು ನಿಲ್ಲಿಸಿದ್ಲು. ನಾನು ಯಾಕೆ ಅಂತ ಕೇಳ್ಲಿಲ್ಲ. ಯಾರೂ ನನ್ನೂ ಕೇಳ್ಲಿಲ್ಲ. ಗೆಲ್ತಾ ಇದ್ವಲ್ಲ!"

ಜೆನೀವ್ ಓದು ಮುಗಿಸಿ ಹೋದಳು. ಆಮೇಲೆ ಬಂದವರಲ್ಲಿ ಯಾರು ಸ್ವಲ್ಪ ಹೊಳೆದರೂ ಮರುವರ್ಷ ದೊಡ್ಡ ವಿಶ್ವವಿದ್ಯಾಲಯದವರು ಬಂದು ಕರೆದುಕೊಂಡು ಹೋಗುತ್ತಿದ್ದರು. ಈಗ ಆಟಗಾರ್ತಿಯರು ಬೇಕೆಂದಾಗ ಕಾಲೇಜು ಬದಲಾಯಿಸಬಹುದು. ತಪ್ಪೇನಿಲ್ಲ, ಅವರ ಬದುಕು ಅವರದು. ಲೊರೀನ್ ಯಾರನ್ನೂ ತಡೆಯಲಿಲ್ಲ, ಪ್ರತಿಯೊಬ್ಬಳ ಪೆಟ್ಟಿಗೆಯನ್ನೂ ತಾವೇ ಕಾರಿಗೆ ಎತ್ತಿಟ್ಟು ಕಳಿಸಿದರು. ತಂಡ ಮಾತ್ರ ವರ್ಷ ವರ್ಷ ಕೆಳಗೆ ಜಾರುತ್ತ ಬಂತು. ಹೋದ ವರ್ಷ ನವೆಂಬರಿನಲ್ಲಿ ಹಾಲ್‌ಬ್ರೂಕ್ ವಿಶ್ವವಿದ್ಯಾಲಯದವರ ಊರಿಗೆ ಹೋಗಿ ನಲವತ್ತಕ್ಕೂ ಹೆಚ್ಚು ಅಂಕಗಳಿಂದ ಸೋತು ಬಂದರು. ಹಾಲ್‌ಬ್ರೂಕ್‌ನಲ್ಲಿ ಕಂಬದಂಥ ಹುಡುಗಿಯೊಬ್ಬಳಿದ್ದಳು. ಅವಳ ಕೈಗೆ ಚೆಂಡು ಸಿಕ್ಕರೆ ಮುಗಿಯಿತು, ಬುಟ್ಟಿಗೆ ಬಿದ್ದಂತೆಯೇ.

ಮರುವಾರ ಕಾಲೇಜಿನ ಕ್ರೀಡಾ ವಿಭಾಗದ ಮುಖ್ಯಸ್ಥ ಪ್ರೆಸ್ಟನ್ ವಿಮ್ಮರ್ ಅವರು ಲೊರೀನ್ ಅವರನ್ನು ಕೋಣೆಗೆ ಕರೆಸಿದರು. ಪ್ರೆಸ್ಟನ್ ಕೆಟ್ಟ ಮನುಷ್ಯನಲ್ಲ. ಹೊಸದಾಗಿ ಬಂದ, ಮೇಲಿನವರ ಒತ್ತಡವಿರುವ, ಸರಿಯಾದದ್ದನ್ನೇ ಮಾಡಬೇಕೆನ್ನುವ ಆಸಾಮಿ. ಅವತ್ತು ನಡೆದದ್ದನ್ನು ಇಬ್ಬರೂ ಬೇರೆಬೇರೆಯಾಗಿ ನನಗೆ ಹೇಳಿದರು. ಎರಡೂ ಒಂದೇ ಥರ ಇದ್ದವು.

"ಲೊರೀನ್, ಮಾರ್ಚ್‌ನಲ್ಲಿ ನಾನೊಂದು ತೀರ್ಮಾನಕ್ಕೆ ಬರ್ಬೇಕು. ನಿಮ್ಮನ್ನ ಯಾವ ಅಳತೆಯಿಂದ ಅಳೀಲಿ, ನೀವೇ ಹೇಳಿ."

"ಗೊತ್ತಿಲ್ಲಪ್ಪ. ನಾನೂ ಅದನ್ನೇ ಕೇಳ್ಕೋತಾ ಇದ್ದೀನಿ."

"ಹಾಗಂದ್ರೆ ಹೇಗೆ? ಗೆಲುವು ಬಿಟ್ರೆ ನನ್ನ ಹತ್ರ ಬೇರೆ ಅಳತೆ ಇಲ್ಲ."

"ಸರಿ, ಗೆಲುವಿನಿಂದಾನೇ ಅಳೀರಿ. ಆದ್ರೆ ಆ ಗೆಲುವಲ್ಲಿ ಹುಡುಗಿಯ ಪಾಲೆಷ್ಟು, ನನ್ನ ಪಾಲೆಷ್ಟು ಅಂತ ಬೇರೆ ಮಾಡೋಕೆ ಬಂದ್ರೆ ನನಗೂ ಹೇಳಿಕೊಡಿ. ಜೆನೀವ್ ಇದ್ದಾಗ ನೀವಿದ್ದಿದ್ರೆ ನನ್ನನ್ನ ತಲೆ ಮೇಲೆ ಹೊತ್ಕೊಂಡು ಮೆರೆಸ್ತಿದ್ರಿ. ಅದೂ ತಪ್ಪೇ ಆಗ್ತಿತ್ತು."

ಅಲ್ಲಿಂದ ಲೊರೀನ್ ಮನೆಗೆ ಹೋಗಿ ತಂಡದ ಅಂಗಿಗಳನ್ನೆಲ್ಲ ಮುಂದೆ ಹಾಕಿಕೊಂಡು ಇಸ್ತ್ರಿ ಮಾಡಲು ನಿಂತರು. ಯಾರೂ ಇಸ್ತ್ರಿ ಮಾಡದ ಅಂಗಿಗಳವು. ವರ್ಜಿಲ್ ಒಂದೊಂದನ್ನೇ ಮಡಿಸಿಡುತ್ತಿದ್ದರು. ಕಡೆಗೆ ಲೊರೀನ್ ಕೇಳಿದರು: "ವರ್ಜಿಲ್, ನಿಜ ಹೇಳು. ನಾನು ಒಳ್ಳೆ ಕೋಚೋ, ಅಲ್ವೋ?"

"ನಂಗೇನ್ ಗೊತ್ತೇ? ನಾನು ಬೋರ್ಡ್ ನೋಡ್ತಾ ಇರ್ತೀನಿ. ಆಟ ಯಾವತ್ತು ನೋಡಿದೀನಿ?"

ಲೊರೀನ್ ನಕ್ಕರು, ಆಮೇಲೆ ಸ್ವಲ್ಪ ಅತ್ತರು. ಇಸ್ತ್ರಿ ಆರಿಸಿ ಮಲಗಿದರು. ಮರುದಿನ ಕತ್ತಲಲ್ಲೇ ಎದ್ದು ಒಳಾಂಗಣಕ್ಕೆ ಬಂದು ಮಾರಿಬೆಲ್‌ಳನ್ನು ಕರೆದರು.

ಮಾರಿಬೆಲ್ ಟರ್ಕಿ ಕೋಳಿಯ ಮಾಂಸದ ಕಾರ್ಖಾನೆಯಲ್ಲಿ ದುಡಿಯುವ ದಂಪತಿಗಳ ಮಗಳು. ಎತ್ತರ ಐದಡಿ ಎರಡಂಗುಲ. ಬುಟ್ಟಿಗೆ ಚೆಂಡು ಹಾಕುವುದರಲ್ಲಿ ಸುಮಾರು. ಆದರೆ ಒಂದನ್ನು ಲೊರೀನ್ ಗಮನಿಸಿದ್ದರು. ಎದುರಿನವರು ಚೆಂಡು ಎಸೆಯುವ ಮೊದಲೇ ಈ ಹುಡುಗಿಯ ಕಾಲು ಆ ಕಡೆಗೆ ಹೊರಟಿರುತ್ತಿತ್ತು. ಅರ್ಧ ಸಲ ತಪ್ಪುತ್ತಿತ್ತು, ಅರ್ಧ ಸಲ ಸರಿಯಾಗುತ್ತಿತ್ತು.

"ಹಾಲ್‌ಬ್ರೂಕ್‌ನ ಆ ಉದ್ದನೆ ಹುಡುಗೀನ ನೀನು ನೋಡ್ಕೋತೀಯ" ಎಂದರು ಲೊರೀನ್.

"ಕೋಚ್, ನಾನು ಅವಳ ಮೊಣಕೈಗೆ ಬರ್ತೀನಿ!"

"ಹಾಗಾದ್ರೆ ಮೊಣಕೈ ಹತ್ರಾನೇ ಇರು. ನೀನು ಹಾರಿ ಅವಳನ್ನ ತಡೀಬೇಕಾಗಿಲ್ಲ. ಚೆಂಡು ಅವಳಿಗೆ ತಲುಪಬಾರದು, ಅಷ್ಟೇ. ಅವಳ ಹಿಂದೆ ನಿಲ್ಲಬೇಡ, ಮುಂದೆ ನಿಲ್ಲು. ಎಸೆಯೋಳ ಕಣ್ಣು ನೋಡ್ಬೇಡ, ಕಣ್ಣು ಮೋಸ ಮಾಡುತ್ತೆ. ಹೊಟ್ಟೆ ನೋಡು. ಹೊಟ್ಟೆ ಎತ್ತ ತಿರುಗುತ್ತೋ ಚೆಂಡು ಅತ್ತಲೇ."

"ಅವಳ ಹೊಟ್ಟೆ ನೋಡ್ತಾ ನಿಂತ್ರೆ ಜನ ಏನಂದ್ಕೋತಾರೆ ಕೋಚ್?"

"ಹಸಿವಾಗಿದೆ ಅಂದ್ಕೋತಾರೆ. ನಿಲ್ಲೇ ಸುಮ್ನೆ."

ಡಿಸೆಂಬರ್ ಹೋಯಿತು, ಜನವರಿ ಹೋಯಿತು. ಪಂದ್ಯಗಳನ್ನು ಸೋಲುತ್ತಲೇ ಇದ್ದರು. ಆದರೆ ನಲವತ್ತರ ಸೋಲು ಇಪ್ಪತ್ತಕ್ಕಿಳಿಯಿತು, ಇಪ್ಪತ್ತರದು ಹತ್ತಕ್ಕೆ. ಮಧ್ಯೆ ಮಧ್ಯೆ ಕೆಲವು ಗೆಲುವುಗಳೂ ಬಂದವು. ಊರಿಗೆ ಇದು ಕಾಣಲಿಲ್ಲ. ಪೇಪರಿನಲ್ಲಿ ಸೋಲು ಎಂದರೆ ಸೋಲು ಎಂದೇ ಅಚ್ಚಾಗುತ್ತದೆ, ನಾನೇ ಅಚ್ಚು ಮಾಡಿಸುವವನು. ಹುಡುಗಿಯರಿಗೆ ಮಾತ್ರ ಕಾಣುತ್ತಿತ್ತು. ಒಬ್ಬಳು ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ ಮಲಗದೆ ಅಭ್ಯಾಸಕ್ಕೆ ಬಂದಾಗ ಲೊರೀನ್ ಗದರಿ ಮನೆಗೆ ಕಳಿಸಿದರಂತೆ. ಅವಳು ಮನೆಗೆ ಹೋಗದೆ ಮರದ ಮೆಟ್ಟಿಲ ಮೇಲೆ ಕೋಟು ಹೊದ್ದು ಮಲಗಿಕೊಂಡೇ ಅಭ್ಯಾಸ ನೋಡಿದಳಂತೆ.

ಫೆಬ್ರವರಿಯ ಕೊನೆಯ ಪಂದ್ಯ ನಮ್ಮಲ್ಲೇ, ಅದೇ ಹಾಲ್‌ಬ್ರೂಕ್ ಜೊತೆ. ಅವರು ಆ ವರ್ಷ ಒಂದೂ ಪಂದ್ಯ ಸೋತಿರಲಿಲ್ಲ. ಅವರ ಕೋಚ್ ಡಗ್ ಫಾರ್ನ್‌ಹ್ಯಾಮ್ ಅವರ ಫೋಟೊ ರಾಜ್ಯದ ಪತ್ರಿಕೆಗಳಲ್ಲೆಲ್ಲ ಬರುತ್ತಿತ್ತು. ನಮ್ಮ ಕಡೆ ಜನ ಕಡಿಮೆ. ಎಲ್ಡನ್ ದಿಂಬಿನ ಮೇಲೆ ಕೂತು "ಅರ್ಧ ಆಟಕ್ಕೆ ಎದ್ದು ಹೋಗ್ತೀನಿ, ಚರ್ಚಲ್ಲಿ ಮೀನೂಟ ಇದೆ" ಎಂದು ಮೊದಲೇ ಸಾರಿದ್ದ. ಪ್ರೆಸ್ಟನ್ ಬಾಗಿಲ ಪಕ್ಕ ಕೈಕಟ್ಟಿ ನಿಂತಿದ್ದರು.

ಆಟ ಶುರುವಾಯಿತು. ಮಾರಿಬೆಲ್ ಆ ಉದ್ದನೆಯ ಹುಡುಗಿಯ ಮುಂದೆ ಹೋಗಿ ನಿಂತಳು. ಜನ ನಕ್ಕರು, ನಿಜ ಹೇಳಬೇಕೆಂದರೆ ನಾನೂ ನಕ್ಕೆ. ಹಾಲ್‌ಬ್ರೂಕ್‌ನವರು ಚೆಂಡನ್ನು ಆ ಹುಡುಗಿಗೆ ಎಸೆದರು. ಮಾರಿಬೆಲ್ ನಡುವೆ ಕೈ ಹಾಕಿ ಕಿತ್ತುಕೊಂಡಳು. ಮತ್ತೆ ಎಸೆದರು, ಮತ್ತೆ ಕಿತ್ತುಕೊಂಡಳು. ಮೇಲಿಂದ ಎಸೆಯಲು ನೋಡಿದರೆ ಹಿಂದಿನಿಂದ ಇನ್ನೊಬ್ಬ ಬಾತುಕೋಳಿ ಓಡಿಬಂದು ನಿಲ್ಲುತ್ತಿದ್ದಳು. ಐದೂ ಹುಡುಗಿಯರು ಒಂದೇ ಹಗ್ಗಕ್ಕೆ ಕಟ್ಟಿದವರಂತೆ ಒಟ್ಟಿಗೆ ಸರಿಯುತ್ತಿದ್ದರು. ಕಂಬದಂಥ ಹುಡುಗಿ ಬುಟ್ಟಿಯ ಕೆಳಗೆ ಖಾಲಿ ಕೈ ಎತ್ತಿ ನಿಂತೇ ಇದ್ದಳು. ಅರ್ಧ ಆಟ ಮುಗಿದಾಗ ನಾವು ಎರಡೇ ಅಂಕ ಹಿಂದೆ. ಎಲ್ಡನ್ ಏಳಲಿಲ್ಲ.

"ಮೀನು ಆರಿಹೋಗುತ್ತೆ ಎಲ್ಡನ್" ಎಂದೆ.

"ಬಾಯ್ಮುಚ್ಕೊಂಡು ಆಟ ನೋಡಯ್ಯ."

ಕೊನೆಯ ಹೊತ್ತಿಗೆ ನಾವು ಒಂದು ಅಂಕ ಮುಂದಿದ್ದೆವು. ಇದ್ದ ನೂರಿನ್ನೂರು ಜನ ಎದ್ದು ನಿಂತು ಮರದ ಮೆಟ್ಟಿಲನ್ನು ಕಾಲಲ್ಲಿ ಬಡಿಯುತ್ತಿದ್ದರು. ಆಗ ಮಾರಿಬೆಲ್ ಮತ್ತೊಮ್ಮೆ ಕೈ ಹಾಕಿದಳು. ಈ ಸಲ ಚೆಂಡಿನ ಬದಲು ಎದುರಿನವಳ ತೋಳಿಗೆ ಹೊಡೆತ ಬಿತ್ತು. ಸೀಟಿ ಕೇಳಿಸಿತು. ಅದು ಅವಳ ಐದನೇ ತಪ್ಪು. ಐದಾದರೆ ಆಟಗಾರ್ತಿ ಹೊರಗೆ ಕೂರಲೇಬೇಕು. ಅವಳು ಮುಖ ಮುಚ್ಚಿಕೊಂಡು ನಡೆದು ಬಂದಾಗ ಎಲ್ಡನ್ ಬೆಟ್ಸ್ ದಿಂಬನ್ನು ಕೆಳಗೆ ಹಾಕಿ ಎದ್ದು ಚಪ್ಪಾಳೆ ತಟ್ಟಿದ. ಅವನ ಹಿಂದೆ ಎಲ್ಲರೂ ತಟ್ಟಿದರು. ಅವಳ ಜಾಗಕ್ಕೆ ಇನ್ನೊಬ್ಬಳು ಇಳಿದಳು. ಪಾಪ, ಅವಳಿಗೆ ಹೊಟ್ಟೆ ನೋಡುವುದು ಗೊತ್ತಿರಲಿಲ್ಲ, ಕಣ್ಣು ನೋಡಿದಳು. ಚೆಂಡು ಉದ್ದನೆಯ ಹುಡುಗಿಯ ಕೈಗೆ ಹೋಯಿತು, ಬುಟ್ಟಿಗೆ ಬಿತ್ತು. ನಮ್ಮವರು ಓಡಿ ಎಸೆದದ್ದು ಅಂಚಿಗೆ ಬಡಿದು ಹೊರಗೆ ಬಿತ್ತು. ಮತ್ತೆ ಆ ಹುಡುಗಿಗೆ ಚೆಂಡು, ಮತ್ತೆ ಬುಟ್ಟಿ. ಕೊನೆಗೆ ನಮ್ಮವರ ತಪ್ಪಿಗೆ ಅವರಿಗೊಂದು ದಂಡದ ಎಸೆತ, ಇನ್ನೊಂದಂಕ. ನಾಲ್ಕು ಅಂಕದಲ್ಲಿ ಸೋತೆವು.

ಲೊರೀನ್ ಮಾರಿಬೆಲ್ ಪಕ್ಕದಲ್ಲಿ ಹೋಗಿ ಕೂತರು. ಹುಡುಗಿ ಬಿಕ್ಕುತ್ತ "ನಾನು ಕೈ ಹಾಕ್ಬಾರ್ದಿತ್ತು ಕೋಚ್" ಎಂದಾಗ ಹೇಳಿದರು: "ಹಾಕು ಅಂತ ಕಲಿಸಿದ್ದೇ ನಾನು. ನಿನಗೊಬ್ಬಳಿಗೇ ಕಲಿಸಿದ್ದು ನನ್ನ ತಪ್ಪು. ನಿನ್ನ ಜಾಗಕ್ಕೆ ಬರೋಳಿಗೂ ಕಲಿಸ್ಬೇಕಿತ್ತು." ಆಮೇಲೆ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಹಾಗೇ ಕೂತರು. ಮಾರಿಬೆಲ್ ಅದನ್ನು ನೋಡಿ ಇನ್ನೂ ಜೋರಾಗಿ ಅತ್ತಳು.

ಡಗ್ ಫಾರ್ನ್‌ಹ್ಯಾಮ್ ಕೈ ಕುಲುಕಲು ಬಂದರು. ಅಂಗಿಯೆಲ್ಲ ಬೆವರು.

"ಲೊರೀನ್, ನನ್ನ ಹುಡುಗಿಯರು ನಿಮ್ಮ ಹತ್ರ ಇದ್ದಿದ್ರೆ ನಮಗೆಲ್ಲ ಉಳಿಗಾಲ ಇರ್ತಿರ್ಲಿಲ್ಲ."

"ನನ್ನ ಹುಡುಗಿಯರು ನಿನ್ನ ಹತ್ರ ಇದ್ದಿದ್ರೆ?"

ಡಗ್ ತಲೆ ಕೆರೆದುಕೊಂಡು ಜೋರಾಗಿ ನಕ್ಕರು. "ನವೆಂಬರ್‌ನಲ್ಲೇ ನನ್ನನ್ನ ಮನೆಗೆ ಕಳಿಸಿರ್ತಿದ್ರು!"

ಒಳ್ಳೆಯ ಮನುಷ್ಯ. ಅವರೂ ಬೆಳಿಗ್ಗೆ ಬೇಗ ಏಳುವವರೇ ಎಂದು ಲೊರೀನ್ ಹೇಳುತ್ತಾರೆ. "ಆಟಗಾರರು ಇದ್ದಾರೆ ಅಂತ ಅವನು ಕೆಲಸ ಮಾಡಲ್ಲ ಅಂತಲ್ಲ. ಒಳ್ಳೆ ಆಟಗಾರರನ್ನ ಜಗಳ ಇಲ್ಲದೆ ಒಟ್ಟಿಗೆ ಇಡೋದೂ ಕೆಲಸಾನೇ. ನಾನು ಜೆನೀವ್ ಕಾಲದಲ್ಲಿ ಅಷ್ಟನ್ನೂ ಮಾಡ್ಲಿಲ್ಲ."

ಮಾರ್ಚ್ ಬಂತು. ಹೊಸ ಕೋಚ್ ಬರುತ್ತಾರೆ, ಚಿಕ್ಕ ವಯಸ್ಸಿನವರು, ಎಂದು ಊರಲ್ಲಿ ಹೆಸರು ಸಮೇತ ಸುದ್ದಿ ಹಬ್ಬಿತ್ತು. ಪ್ರೆಸ್ಟನ್ ಲೊರೀನ್ ಅವರನ್ನು ಕರೆಸಿ "ಇನ್ನೊಂದು ವರ್ಷ. ಆಮೇಲೆ ನೋಡೋಣ" ಎಂದಷ್ಟೇ ಹೇಳಿ ಕಳಿಸಿದರು. ಯಾಕೆ ಹಾಗೆ ಮಾಡಿದಿರಿ ಎಂದು ಮೊನ್ನೆ ನಾನು ಕೇಳಿದೆ.

"ಆ ಪಂದ್ಯ ನೋಡಿ ಅಂದ್ರೆ ಸುಳ್ಳಾಗುತ್ತೆ. ಒಂದು ಪಂದ್ಯ ಯಾರಿಗಾದ್ರೂ ಚೆನ್ನಾಗಾಗ್ಬಹುದು. ಮಾರ್ಚ್‌ನಲ್ಲಿ ನಾನು ಹುಡುಗಿಯರನ್ನ ಒಬ್ಬೊಬ್ಬರನ್ನೇ ಕರೆದು, ಮುಂದಿನ ವರ್ಷ ಎಲ್ಲಿಗೆ ಹೋಗ್ತೀರಿ ಅಂತ ಕೇಳ್ದೆ. ಓದು ಮುಗಿದವರನ್ನ ಬಿಟ್ರೆ ಯಾರೂ ಎಲ್ಲಿಗೂ ಹೋಗಲ್ಲ ಅಂದ್ರು. ಇಷ್ಟು ಸೋತ ತಂಡದಿಂದ ಒಬ್ಬಳೂ ಹೊರಡಲಿಲ್ಲ ಅಂದ್ರೆ ಏನು? ನನಗೆ ಅರ್ಥ ಆಗ್ಲಿಲ್ಲ. ಅರ್ಥ ಆಗದೆ ಇರೋದನ್ನ ಕಿತ್ತು ಹಾಕೋಕೆ ಮನಸ್ಸು ಬರಲಿಲ್ಲ."

ಬೇಸಿಗೆಯಲ್ಲಿ ಕೀರಾ ಬಂದಳು. ದೊಡ್ಡ ವಿಶ್ವವಿದ್ಯಾಲಯದಲ್ಲಿದ್ದವಳು, ಮಂಡಿ ನೋವಾಗಿ ಒಂದು ವರ್ಷ ಕೂತಿದ್ದಳು, ಅಲ್ಲಿ ಮನಸ್ಸು ನಿಲ್ಲದೆ ನಮ್ಮ ಕಾಲೇಜಿಗೆ ಬದಲಾಯಿಸಿಕೊಂಡಳು. ಮಂಡಿ ವಾಸಿಯಾಯಿತು. ಮೊದಲ ಪಂದ್ಯದಲ್ಲೇ ಎದುರಿನವರನ್ನು ಒಬ್ಬಳೇ ಮುಗಿಸಿದಳು. ಡಿಸೆಂಬರ್ ಹೊತ್ತಿಗೆ ಮರದ ಮೆಟ್ಟಿಲುಗಳು ತುಂಬಿ, ಜನ ಗೋಡೆಗೆ ಒರಗಿ ನಿಲ್ಲುವಂತಾಯಿತು. ಎಲ್ಡನ್ ಈಗ ಕ್ಷೌರದ ಅಂಗಡಿಯಲ್ಲಿ ಕೂತು "ನಾನು ಮೊದಲಿಂದ್ಲೂ ಹೇಳ್ತಿದ್ನಲ್ಲ, ಲೊರೀನ್ ಥರ ಕೋಚ್ ಈ ರಾಜ್ಯದಲ್ಲೇ ಇಲ್ಲ" ಎನ್ನುತ್ತಾನೆ. ಯಾರೂ ಅವನನ್ನು ತಡೆಯುವುದಿಲ್ಲ, ಎಲ್ಲರೂ ಅದನ್ನೇ ಹೇಳುತ್ತಿದ್ದಾರೆ. ಈ ವರ್ಷ ಅತ್ಯುತ್ತಮ ಕೋಚ್ ಪ್ರಶಸ್ತಿ ಮತ್ತೆ ಅವರಿಗೇ ಎಂದು ಮಾತಿದೆ.

ಕೀರಾಳನ್ನು ಹೇಗೆ ಒಲಿಸಿದಿರಿ ಎಂದು ಸಂಪಾದಕರು ಕೇಳಲು ಹೇಳಿದ್ದರು. ಕೇಳಿದೆ.

"ಅವಳ ಅಜ್ಜಿಗೆ ನಮ್ಮೂರಲ್ಲಿ ಮನೆ ಇದೆ" ಎಂದರು ಲೊರೀನ್. "ಅಷ್ಟೇ ನನ್ನ ಜಾಣತನ. ಬೇಕಾದ್ರೆ ಅಜ್ಜಿ ಫೋಟೊ ಹಾಕಿ."

ಆದರೆ ಹೋಗಿ ನೋಡಿದರೆ ಈ ತಂಡ ಜೆನೀವ್ ಕಾಲದ ತಂಡದ ಹಾಗಿಲ್ಲ. ಚೆಂಡು ಕೀರಾಗೆ ಹೋಗುತ್ತದೆ, ಕೀರಾಳಿಂದ ಮತ್ತೆ ಹೊರಗೆ ಬರುತ್ತದೆ. ಇಪ್ಪತ್ತು ಅಂಕ ಮುಂದಿರುವಾಗ ಲೊರೀನ್ ಅವಳನ್ನು ಕೂರಿಸಿ ಬೆಂಚಿನವರನ್ನು ಇಳಿಸುತ್ತಾರೆ. ಜನ ಗೊಣಗುತ್ತಾರೆ, ಕೀರಾ ಆಡುವುದನ್ನು ನೋಡಲೆಂದೇ ಬಂದವರಲ್ಲವೇ. ಕೀರಾಗೂ ಮೊದಮೊದಲು ಸಿಟ್ಟಿತ್ತು. ಈಗ ಬೆಂಚಿನ ಮೇಲೆ ನಿಂತು ಎಲ್ಲರಿಗಿಂತ ಜೋರಾಗಿ ಅರಚುವವಳು ಅವಳೇ.

ಹೋದ ಶನಿವಾರ ಮಧ್ಯಾಹ್ನದ ಪಂದ್ಯವನ್ನೂ ಗೆದ್ದರು. ಮುಗಿದ ಮೇಲೆ ಜನವೆಲ್ಲ ಕೀರಾಳ ಸುತ್ತ ಮುತ್ತಿಕೊಂಡರು. ಯಾರದೋ ಮನೆಯಿಂದ ಪರ್ಸಿಮನ್ ಹಣ್ಣಿನ ಪುಡಿಂಗ್ ಬಂದಿತ್ತು, ತಟ್ಟೆಗಳು ಕೈಯಿಂದ ಕೈಗೆ ಹೋಗುತ್ತಿದ್ದವು. ಪ್ರೆಸ್ಟನ್ ಮೈಕು ಹಿಡಿದು ಕೋಚ್‌ಗೆ ಜೈಕಾರ ಹಾಕಿಸಿದರು. ಲೊರೀನ್ ಕೈಯೆತ್ತಿ, ಒಂದು ತುತ್ತು ಪುಡಿಂಗ್ ತಿಂದು, ಮೆಲ್ಲಗೆ ಕಾರಿಡಾರಿನ ಕಡೆಗೆ ಹೊರಟರು. ಬಟ್ಟೆ ಒಗೆಯುವ ಯಂತ್ರ ಶುರು ಮಾಡಬೇಕಿತ್ತು. ನಾನೂ ಹಿಂದೆ ಹೋದೆ. ಬೆವರಿನ ಅಂಗಿಗಳನ್ನು ಒಂದೊಂದಾಗಿ ಕೊಡವಿ ಒಳಗೆ ಹಾಕುತ್ತಿದ್ದರು.

"ಸಂತೋಷ ತಾನೇ?" ಎಂದೆ.

"ಗೆದ್ರೆ ಯಾರಿಗೆ ಸಂತೋಷ ಆಗಲ್ಲ ಹೇಳಿ? ಆಗುತ್ತೆ." ಮುಚ್ಚಳ ಹಾಕಿ ಯಂತ್ರದ ಮೇಲೆ ಕೈಯೂರಿ ನಿಂತರು. "ಮುಂದಿನ ವರ್ಷ ಕೀರಾಳನ್ನ ಯಾರಾದ್ರೂ ಕರ್ಕೊಂಡು ಹೋಗ್ತಾರೆ. ಹೋಗ್ಬೇಕು ಅವಳು, ಅಷ್ಟು ಚೆನ್ನಾಗಿ ಆಡ್ತಾಳೆ. ಮಾರಿಬೆಲ್ ಆಸ್ಪತ್ರೆ ಕೆಲಸಕ್ಕೆ ಸೇರ್ಕೋತಾಳೆ. ಮತ್ತೆ ನಾವು ಸೋಲೋಕೆ ಶುರು ಮಾಡ್ತೀವಿ."

"ಆಗೇನು ಮಾಡ್ತೀರಿ?"

ಹೊರಗಿನ ಗದ್ದಲ ಕಾರಿಡಾರಿನವರೆಗೂ ಕೇಳುತ್ತಿತ್ತು. ಲೊರೀನ್ ಆ ಕಡೆಗೆ ಕೈ ತೋರಿಸಿದರು.

"ಈಗ ಬಂದಿರೋರಿಗೆಲ್ಲ ಒಂದು ಮಾತು ಬರೀತೀರಾ? ಸೋಲ್ತಾ ಇರುವಾಗ್ಲೂ ಬನ್ನಿ ಅಂತ. ನಾನು ಕೆಲಸ ಮಾಡೋದು ಆಗ್ಲೇ."